ಮಾರು

ಸನ್ಮಾನ ಪತ್ರದ ಕರಡು, ಇದು ನಾಲ್ಕನೇ ಸಲ.
ಬೆಟಗೇರಿಯ ಹಳೆಯ ವಿದ್ಯಾರ್ಥಿಗಳ ಸಂಘ ಬರೆದುಕೊಟ್ಟದ್ದು:
‘ಸಾಗರದ ಸಿಂಹ, ವೈರಿಗಳಿಗೆ ಸಿಂಹಸ್ವಪ್ನ,
ಕಮಾಂಡರ್ ತೋಂಟೇಶ ಹೂಗಾರರಿಗೆ’.
ಒಂದೇ ಉಸಿರಿಗೆ ಎರಡು ಸಿಂಹ.
ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ
ಇಂಥ ಸಾಲುಗಳನ್ನು ಮೊಳೆ ಜೋಡಿಸಿಯೇ ಕಟ್ಟಿಡುತ್ತಿದ್ದರು,
ಹೆಸರೊಂದು ಬದಲಿಸಿದರೆ ಆಯಿತು.

ಮಧ್ಯಾಹ್ನ ಅವನೇ ಬಂದ. ಓದಿದ. ನಕ್ಕ.
‘ಲೇ ಚನಬಸು, ಒಬ್ಬ ವೈರೀನ್ನೂ ನಾ ಕಣ್ಣಿಲೆ ಕಂಡಿಲ್ಲೋ.
ಮೂವತ್ತೊಂದು ವರ್ಷ ನೀರಿನ ಆಳ ಅಳದೇನಿ.
ಅಷ್ಟ.’

ನನಗೆ ನೆನಪಿದೆ:
ಹದಿನೈದು ದಿನಕ್ಕೊಮ್ಮೆ ನಳ ಬರುತ್ತಿದ್ದ ಆ ಬೇಸಗೆಗಳು,
ಓಣಿಯ ನಾಲ್ಕು ಬಾವಿ, ಹೂವಿನ ದಾರಕ್ಕೆ ಕಲ್ಲು ಕಟ್ಟಿ
ಬಗ್ಗಿ ಇಳಿಬಿಡುತ್ತಿದ್ದ ಗಿಡ್ಡ ಹುಡುಗ.
ಶಾಲೆಗೆ ಹೋಗುವ ಮುಂಚೆ ಗೋಡೆಯ ಮೇಲೆ ಸುಣ್ಣದಕಡ್ಡಿಯಲ್ಲಿ
‘ಇದು ಎರಡಾಳು. ಅದು ಬರೇ ಮೊಳಕಾಲು.’
ಕೊಡ ಹೊತ್ತವರು ಓದಿ
ದಾರಿ ತಿರುಗಿಸುತ್ತಿದ್ದರು.

ಅವನ ಅವ್ವ ನೀಲವ್ವ ಸಂತೆಯಲ್ಲಿ ಸೇವಂತಿಗೆ ಮಾರುತ್ತಿದ್ದಳು.
ಉಳಿದವರ ಮಾರಿನಲ್ಲಿ ಮೊಳಕೈ ಒಂಚೂರು ಮಡಚಿರುತ್ತಿತ್ತು,
ಆಕೆಯದು ಮಡಚುತ್ತಿರಲಿಲ್ಲ.
ಈ ತುದಿಬೆರಳಿನಿಂದ ಆ ತುದಿಬೆರಳಿಗೆ,
ಎದೆ ಬಿಚ್ಚಿ, ಎರಡೂ ಕೈ ಚಾಚಿ.
‘ಟ್ರೇನಿಂಗಿನಾಗ ಕೇಳಿದ್ರು, ಫ್ಯಾದಮ್ ಅಂದ್ರ ಏನು ಅಂತ.
ಎಲ್ಲಾರೂ ಆರು ಫೂಟು ಅಂದ್ರು.
ನಾ ಎದ್ದು ನಿಂತು ಹಿಂಗ ಕೈ ಚಾಚಿದೆ.
ಅವ್ವನ ಮಾರು ಅದು. ಸಮುದ್ರಕ್ಕೂ ಅದನ್ನ ಹಚ್ಚಿದ್ರು.’

ಕೆದಕಿದ ಮೇಲೆ ಇನ್ನೊಂದು ಹೇಳಿದ.
ದೊಡ್ಡ ಅಲೆ ಬಂದುಹೋದ ವರ್ಷ, ಯಾವುದೋ ದ್ವೀಪದ ಬಂದರು.
ತಳವೇ ಮಗ್ಗುಲು ಬದಲಿಸಿ ಹಳೆಯ ನಕ್ಷೆ ಸುಳ್ಳಾಗಿತ್ತು.
ಅಕ್ಕಿ, ಔಷಧ ಹೊತ್ತ ಹಡಗು ಹೊರಗೇ ನಿಂತಿತ್ತು.
ಯಂತ್ರ ಕೆಟ್ಟಿತ್ತು.
ಸೀಸದ ಗುಂಡು ಕಟ್ಟಿದ ಹಗ್ಗ, ಸಣ್ಣ ದೋಣಿ, ಎರಡು ರಾತ್ರಿ;
ಇಳಿಸು, ಎತ್ತು, ಬರೆ.
ಮೂರನೇ ಬೆಳಗ್ಗೆ ಹಡಗು ಮೆಲ್ಲಗೆ ಒಳಗೆ ಬಂತು.
ನಕ್ಷೆಯಲ್ಲಿ ಆ ಜಾಗಕ್ಕೆ ಇವತ್ತಿಗೂ
ಇರುವೆಯಷ್ಟು ಒಂದು ಏಳು. ಅವನ ಹೆಸರಿಲ್ಲ.

ಸೀಸ ಎಂದಾಗ ನನ್ನ ಕೈ ತಾನೇ
ಹಳೆಯ ಕೇಸಿನತ್ತ ಹೋಯಿತು.
ನಮ್ಮಿಬ್ಬರದೂ ಸೀಸದ ಕೆಲಸ,
ಸರಿಯಿದ್ದರೆ ಯಾರೂ ನೋಡುವುದಿಲ್ಲ.
‘ನೀ ತಪ್ಪಿದ್ರ ಗಿರಾಕಿ ಬೈತಾನ,
ನಾ ತಪ್ಪಿದ್ರ ಹಡಗ ಹೋಗ್ತದ’ ಎಂದ,
ಚಹಾದ ಕಪ್ಪು ತಳದವರೆಗೆ ನೋಡುತ್ತ.

ನೀಲವ್ವ ತೀರಿದಾಗ ಅವನು ಯಾವ ನೀರಿನಲ್ಲಿದ್ದ
ನಾನು ಕೇಳಲಿಲ್ಲ.
ಮಣ್ಣಿಗೆ ಹೋದವರಲ್ಲಿ ನಾನೂ ಇದ್ದೆ.
ಸಂತೆಯ ಹೂವಾಡಗಿತ್ತಿಯರೆಲ್ಲ ಬುಟ್ಟಿ ಸಮೇತ ಬಂದಿದ್ದರು.
ಅವತ್ತು ಹೂವನ್ನು ಯಾರೂ ಅಳೆಯಲಿಲ್ಲ.
ಇದನ್ನು ಅವನಿಗೆ ಹೇಳಬೇಕೆಂದು
ಹದಿನಾರು ವರ್ಷ ಇಟ್ಟುಕೊಂಡಿದ್ದೆ.
ಹೇಳಿದೆ. ಅವನು ಕನ್ನಡಕ ಒರೆಸಿದ,
ಮತ್ತೆ ಒರೆಸಿದ.

ಸಿಂಹಗಳ ಮೇಲೆ ಗೀಟು ಹಾಕಿ ಬರೆದೆ:
‘ದೇಶಕ್ಕೆ ಆಳಾಗಿ ಆಳ ಅಳೆದವರು,
ಹೂಗಾರ ನೀಲವ್ವನ ಮಗ’.
ಆಳ, ಆಳು. ನಡುವೆ ಒಂದೇ ಕೊಂಬು.
ಅದು ಬಿದ್ದುಹೋಗದಂತೆ ಮೂರು ಸಲ ನೋಡಿದೆ.
ಸಂಘದವರಿಗೆ ಫೋನು ಮಾಡಿದರೆ
‘ಒಂದಾದರೂ ಸಿಂಹ ಇರಲ್ರೀ’ ಎಂದರು.
ಇರಲಿ. ಕೆಳಗೆ, ಸಣ್ಣಕ್ಷರದಲ್ಲಿ.

ಅಷ್ಟರಲ್ಲಿ ಓಣಿಯ ತುದಿಯಿಂದ ಕೂಗು: ‘ನಳಾ ಬಂತು!’
ಕಮಾಂಡರು ಎದ್ದರು, ಪ್ಯಾಂಟು ಮಡಚಿದರು,
ನನ್ನ ಹಿತ್ತಲಿನ ಟಾಕಿಯ ಮುಚ್ಚಳ ಸರಿಸಿ
ಮೂಲೆಯ ಗಳವನ್ನು ನೆಟ್ಟಗೆ ಇಳಿಸಿ
ಎತ್ತಿ, ಒದ್ದೆಯ ಗುರುತಿಗೆ ಬೆರಳಿಟ್ಟು:
‘ಒಂದೂವರಿ ಮೊಳ ಐತಿ.
ತುಂಬಿಸ್ಕೊ ಲಗೂ.’