ಹಿಗ್ಗು

ಮೂರು ದಿನ ಬೇಕಂತೆ.
ನಾಲ್ಕು ಡಿಸ್ಕುಗಳು ಒತ್ತರಿಸಿಕೊಂಡು
ಐದನೆಯದಕ್ಕೆ ಜಾಗ ಮಾಡಿಕೊಡಲು.
ಪರದೆಯ ಮೇಲೆ ಶೇಕಡಾ ಮೂರೂ ಮುಕ್ಕಾಲು.
ಹೊರಗೆ ಮೆಸ್ತಿಯಾದ ಹಿಮ. ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ
ನಾನು, ಒಂದು ಹೀಟರು, ಕಿರಿಕಿರಿಯ ಬ್ಯಾಟರಿ,
ಹೊಳೆ ದಯೆತೋರಿದಷ್ಟು ಹೊತ್ತು ಕರೆಂಟು.

ಹೋದರೆ? ಎಂದಳು ನೆಸ್ತಾನ್.
ಹೋಗಬಾರದು, ಎಂದೆ.
ಹೋಟೆಲಿನ ಜುರಾಬನಿಂದ ಜನರೇಟರ್ ಎರವಲು ತಂದಳು,
ಜೊತೆಗಿಷ್ಟು ಬೈಗುಳ. ಡೀಸೆಲಿಗೆ ದುಡ್ಡು ಬೇರೆ.

ಈ ಡಿಸ್ಕುಗಳಲ್ಲಿರುವುದು ಸತ್ತವರ ಮುಂದೆ ನಿಂತು ಹಾಡಿದ್ದು.
ಅರುವತ್ತು ವರ್ಷಗಳ ಟೇಪು, ಉಶ್ಗುಲಿಯದು, ಲತಾಲಿಯದು,
ಮಾತೇ ಇಲ್ಲದ ಗಂಡಸರ ಉದ್ದನೆಯ ಓ,
ನಡುನಡುವೆ ನಾಯಿ,
ಯಾರೋ ಮೂಗು ಒರೆಸಿಕೊಳ್ಳುವುದು.

ಯಾವ ಫೈಲ್‌ಸಿಸ್ಟಮ್ ಎಂಬ ಜಗಳ ಎರಡು ವರ್ಷ ಹಳೆಯದು.
ತ್ಬಿಲಿಸಿಯ ಜುಂಬೆರ್ ಒಂದನ್ನು ಹೊಗಳಿದ:
ಚೂರುಚೂರಿಗೂ ಮೊತ್ತ ಬರೆದಿಟ್ಟುಕೊಂಡು
ಓದುವಾಗೆಲ್ಲ ತಾಳೆ ನೋಡುತ್ತದೆ,
ಚಿಲ್ಲರೆಯನ್ನು ಎರಡೆರಡು ಸಲ ಎಣಿಸುವ ಅಂಗಡಿಯವನ ಹಾಗೆ.
ಅದಕ್ಕೆ ಮೆಮೊರಿ ಬೇಕು; ನಮ್ಮಲ್ಲಿದ್ದದ್ದು ನಾಲ್ಕು ಗಿಗಾಬೈಟು.
ಇನ್ನೊಂದು ಲಿನಕ್ಸಿನ ಮನೆಮಗ, ಸಾಧು,
ಕೆಟ್ಟರೆ ರಿಪೇರಿ ಗೊತ್ತಿರುವವರು ಊರಿಗೊಬ್ಬರು ಸಿಗುತ್ತಾರೆ.
ಈ ಊರಿಗೆ ನಾನು.

ನಾನು ಆರಿಸಿದ್ದು ಮೂರನೆಯದನ್ನು.
ಕೈಪಿಡಿಯಲ್ಲಿ ಅದರ ಶರತ್ತು ಒಂದೇ ಸಾಲು:
ಹಿಗ್ಗಬಲ್ಲದು, ಕುಗ್ಗಲಾರದು.
ಒಂದು ಸಂಜೆಯೆಲ್ಲ ಆ ಸಾಲನ್ನೇ ನೋಡುತ್ತ ಕೂತಿದ್ದೆ.
ಜುಂಬೆರನಿಗೆ ಹೇಳಿದ ಕಾರಣ ಬೇರೆ.

ಎರಡನೆಯ ದಿನ ಮುರ್ಜಾಕಾನ್ ಬಂದ, ಬೂಟಿನ ಹಿಮ ಕೊಡವದೆ.
ಎಂಬತ್ತೊಂದರ ಟೇಪಿನಲ್ಲಿ ಮೇಲುದನಿ ಅವನದು.
ಒಂದು ಡಿಸ್ಕು ಸತ್ತರೂ ಚಿಂತೆಯಿಲ್ಲ, ವಿವರಿಸಿದೆ,
ಉಳಿದವು ಕೂಡಿ ಕಳೆದು
ಅದು ಏನನ್ನುತ್ತಿತ್ತೆಂದು ಹೇಳಿಬಿಡುತ್ತವೆ,
ನಿಮ್ಮ ಮೂರು ದನಿಯ ಹಾಡಿನ ಹಾಗೇ,
ಎರಡು ಕೇಳಿದರೆ ಮೂರನೆಯದು...
ಬರುವ ದಾರಿಯಲ್ಲಿ ಹೊಳೆದ ಉಪಮೆ. ನನಗೆ ಇಷ್ಟವಾಗಿತ್ತು.

ಇಲ್ಲ, ಎಂದ.
ಕೆಳದನಿ ನನ್ನ ತಮ್ಮನದು.
ಅವನ ಮಣ್ಣಿನ ದಿನ ಉಳಿದಿಬ್ಬರೇ ಹಾಡಿದೆವು.
ಎಷ್ಟು ಕೂಡಿದರೂ ಬರಲಿಲ್ಲ.
ಹೀಟರಿಗೆ ಅಂಗೈ ತೋರಿಸಿ, ತಿರುಗಿಸಿ, ಮತ್ತೆ ತೋರಿಸಿ,
ನಿನ್ನ ಪೆಟ್ಟಿಗೆಗೆ ಒಳ್ಳೆಯದಾಗಲಿ ಎಂದು ಹೋದ.

ಆ ರಾತ್ರಿಯೇ ಕರೆಂಟು ಹೋಯಿತು.
ಬ್ಯಾಟರಿ ಕೂಗಿಕೊಂಡಿತು. ನೆಸ್ತಾನ್ ಬಾಯಲ್ಲಿ ಟಾರ್ಚು ಕಚ್ಚಿ
ಹಗ್ಗ ಎಳೆದಳು, ಎಳೆದಳು,
ಮೂರನೆಯ ಸಲಕ್ಕೆ ಜನರೇಟರ್ ಕೆಮ್ಮಿ ಹತ್ತಿತು.
ಅರುವತ್ತೆಂಟು.
ಅರುವತ್ತೆಂಟೇ ಇತ್ತು. ಆಮೇಲೆ ಅರುವತ್ತೊಂಬತ್ತು.

ಭಾನುವಾರ ನಸುಕಿಗೆ ನೂರಾಯಿತು,
ಜಾಗ ನೋಡಿದರೆ ಮೊದಲಿದ್ದಷ್ಟೇ!
ಡಿಸ್ಕುಗಳ ಸಾಲು ಹಿಗ್ಗಿದೆ, ಫೈಲ್‌ಸಿಸ್ಟಮ್ಮಿಗೆ ಸುದ್ದಿ ಮುಟ್ಟಿಲ್ಲ.
ಹಾಸಿಗೆ ಉದ್ದವಾದರೂ
ಕಾಲು ಹಳೆಯ ಅಳತೆಗೇ ಮುದುಡಿಕೊಂಡಿದೆ.
ಚಾಚು ಎಂದು ಯಾರಾದರೂ ಹೇಳಬೇಕು.
ಒಂದು ಸಾಲಿನ ಆಜ್ಞೆ. ಟೈಪಿಸಿ ಬೆರಳು ನಿಲ್ಲಿಸಿದೆ,
ಇನ್ನು ಹಿಂದಕ್ಕಿಲ್ಲ ಎಂಬುದು ಗೊತ್ತಿದ್ದರಿಂದ.
ಒತ್ತು, ಎಂದಳು.

ಒಂದು ಉಸಿರೂ ಹಿಡಿಯಲಿಲ್ಲ.
ನಾಲ್ಕು ಟೆರಾಬೈಟು, ಖಾಲಿ.
ನೆಸ್ತಾನ್ ಆ ಅಂಕಿಯನ್ನು ನೋಡುತ್ತ,
ಕಿಟಕಿಯಾಚೆ ಊರಿನ ಮೂರು ಹೊಗೆಗಳನ್ನು ನೋಡುತ್ತ
ಕೇಳಿದಳು, ಇಷ್ಟೊಂದು ಯಾರಿಗೆ?
ನನಗೆ ಡೀಸೆಲಿನ ಲೆಕ್ಕ ಬರೆಯುವುದಿತ್ತು.