ಒಂದು ಕಾಲಿನ ಹಸಿವು

ಕೋಪನ್‌ಹೇಗನ್, ಫೆಬ್ರುವರಿ. ಏಳೂವರೆಯಾದರೂ ಬೆಳಕಿಲ್ಲ.
ಅಂಚೆ ಹಂಚುವ ಐನಾರ್ ಬರಿಹೊಟ್ಟೆಯಲ್ಲೇ ಬಂದ,
ಗಡ್ಡದ ಹಿಮ ಒರೆಸಿ
ಸೈಕಲ್ಲೇರಿದ. ಊರು ಸುತ್ತದ ಸೈಕಲ್ಲು,
ಗೋಡೆಗೆ ಮುಖಮಾಡಿ ನಿಂತಲ್ಲೇ ನಿಂತದ್ದು.

"ಬಲಗಾಲು ಮಾತ್ರ ತುಳಿಯಬೇಕು" ಎಂದೆ.
ಎಡಗಾಲು ಸ್ಟೂಲಿನ ಮೇಲೆ
ಮದುವೆಗೆ ಬಂದ ಬೀಗರ ಹಾಗೆ.
ಒಂದು ಗಂಟೆ. ಬೆವರೂ ಒಂದೇ ಮಗ್ಗುಲಿಗೆ ಇಳಿದಂತೆ ಕಂಡಿತು ನನಗೆ.

ಮಧ್ಯಾಹ್ನ, ಹಾಸಿಗೆ. ಒಂದು ತೋಳಿಗೆ ಸಕ್ಕರೆ ನೀರು, ಇನ್ಸುಲಿನ್;
ಇನ್ನೊಂದರಿಂದ ಐದೈದು ನಿಮಿಷಕ್ಕೆ ರಕ್ತ.
ಏರಕೂಡದು, ಇಳಿಯಕೂಡದು.
ಪಂಪಿನ ತಿರುಪು ಹಿಡಿದು ನಾನು,
ಉಕ್ಕುವ ಹಾಲಿನ ಮುಂದೆ ನಿಂತವಳ ಹಾಗೆ.

ಆಗ ಕೇಳಿದ:
"ಮಗಳು ಮಾರೆನ್‌ಗೆ ಒಂಬತ್ತು ವರ್ಷ.
ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತಾಳೆ ಇದನ್ನೇ.
ಇದು ಬೀಗದಕೈ ಅಂತೆ, ಶಾಲೆಯಲ್ಲಿ ಹೇಳಿದರಂತೆ. ಹೌದೇ?"

ಅರ್ಧ ಹೌದು, ಐನಾರ್.
ಸ್ನಾಯುವಿನ ಮನೆಯ ಬಾಗಿಲು ಗೋಡೆಯಲ್ಲಿಲ್ಲ,
ಒಳಕೋಣೆಯಲ್ಲಿ ಮಲಗಿದೆ.
ಇನ್ಸುಲಿನ್ ಕದ ತಟ್ಟುವುದಿಲ್ಲ (ತಟ್ಟಲು ಕದವೆಲ್ಲಿ?)
ಗೋಡೆಗೆ ಬಾಯಿಟ್ಟು ಒಂದು ಮಾತು ಹೇಳುತ್ತದೆ.
ಮಾತು ಕಿವಿಯಿಂದ ಕಿವಿಗೆ ದಾಟಿ
ಬಾಗಿಲುಗಳೇ ಎದ್ದು ನಡೆದು ಬಂದು
ಗೋಡೆಯಲ್ಲಿ ನಿಲ್ಲುತ್ತವೆ.
ಆಗ ಸಕ್ಕರೆ ಒಳಗೆ.
ಬಂದದ್ದು ಬಂದಂತೆ ಉಳಿಯದು:
ಕೈಗೆ ಕೈ ಕೊಟ್ಟು, ಕವಲೊಡೆದು, ಕವಲಿಗೆ ಮತ್ತೆ ಕವಲು,
ಗ್ಲೈಕೋಜನ್ ಎಂಬ ಪೊದೆ.

ಯಕೃತ್ತು ಉದಾರಿ. ಮೈಯೆಲ್ಲ ಹಸಿದರೆ ಕಣಜ ತೆರೆಯುತ್ತದೆ.
ಸ್ನಾಯು ಹಾಗಲ್ಲ; ಹೊಸ್ತಿಲು ದಾಟಿದ ಸಕ್ಕರೆಯನ್ನು
ರಕ್ತಕ್ಕೆ ಮರಳಿಸುವ ಮಾತೇ ಇಲ್ಲ.
ತನ್ನದು ತನಗೇ, ನಾಳೆಯ ತುಳಿತಕ್ಕೆ.

ಸೂಜಿ, ಎರಡೂ ತೊಡೆಗೆ; ಮೊದಲೊಮ್ಮೆ, ಕೊನೆಗೊಮ್ಮೆ.
ಮರಗಟ್ಟಿದ ಚರ್ಮ, ಕಚ್ಚೆಂಬ ಸದ್ದು,
ಗೋಧಿಕಾಳಿನಷ್ಟು ಮಾಂಸ
ದ್ರವ ಸಾರಜನಕದಲ್ಲಿ ಚುರ್ರೆಂದು ಕಲ್ಲಾಯಿತು.
ಐನಾರ್ ಚಾವಣಿ ನೋಡುತ್ತ ಬೀದಿಗಳ ಹೆಸರು ಎಣಿಸುತ್ತಿದ್ದ,
ತನ್ನ ಪಾಳಿಯ ಬೀದಿಗಳು, ತಪ್ಪದೆ, ಸಾಲಾಗಿ.

ಗುರುವಾರ ಅಂಕಿಗಳು ಬಂದವು.
ಒಂದೇ ರಕ್ತ, ಒಂದೇ ಇನ್ಸುಲಿನ್, ಒಬ್ಬನೇ ಐನಾರ್;
ದುಡಿದ ಕಾಲು ಕಟ್ಟಿಕೊಂಡದ್ದು
ಬೀಗರ ಕಾಲಿಗಿಂತ ಹೆಚ್ಚುಕಡಿಮೆ ಇಮ್ಮಡಿ.
ಬರಿದಾದದ್ದಕ್ಕೆ ಕಿವಿ ಚುರುಕು
ಎಂದು ವರದಿಯಲ್ಲಿ ಬರೆಯಲಾಗದು. ಬರೆಯಲಿಲ್ಲ.

ನಿನ್ನೆ ಒಂದು ಲಕೋಟೆ, ಪೆನ್ಸಿಲ್ ಅಕ್ಷರ:
"ಹಾಗಾದರೆ ಕುಂಟೆಬಿಲ್ಲೆ ಆಡಿದ ದಿನ
ನನ್ನ ಯಾವ ಕಾಲಿಗೆ ಹಸಿವು ಜಾಸ್ತಿ?
ಕುಂಟಿದ್ದಕ್ಕೋ, ಮಡಚಿದ್ದಕ್ಕೋ?
ಅಪ್ಪನಿಗೆ ಗೊತ್ತಿಲ್ಲ."

ಉತ್ತರ ಸುಲಭ. ಆದರೂ
"ಪ್ರೀತಿಯ ಮಾರೆನ್" ಎಂಬಲ್ಲೇ
ಪೆನ್ನು ನಿಂತಿದೆ, ಸಂಜೆಯಿಂದ.