ನಾಲ್ಕು ಜನರ ಲೆಕ್ಕ

ಫೌಜಿನ ಮೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದವನಿಗೆ
ನಾಲ್ಕು ಜನರ ಅಡುಗೆ ಬರುವುದಿಲ್ಲ.
ಗೋಣಿಕೊಪ್ಪದ ಟೈರ್ ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ
ನವೆಂಬರ್ ಹಾಳೆ ಹರಿದು ಅದರ ಬೆನ್ನಿಗೆ
ಭಾಗಾಕಾರ ಹಾಕುತ್ತಾ ಕೂತಿದ್ದಾನೆ ಪೆಮ್ಮಯ್ಯ:
ನೂರಿಪ್ಪತ್ತು ಜನರಿಗೆ ಹನ್ನೆರಡು ಕೇಜಿ ಪಾಸ್ತಾ ಆದರೆ
ಅವನು, ನಾನು, ದೇಚು, ಅತ್ತೆ
ಇಷ್ಟು ಜನಕ್ಕೆ ಎಷ್ಟು?
ನಾನೂರು ಗ್ರಾಂ ಎಂದಿತು ಹಾಳೆ.
ಅವನಿಗೆ ನಂಬಿಕೆ ಬರಲಿಲ್ಲ.
'ಸುಬೇದಾರರ ಬೆಕ್ಕಿಗೂ ಸಾಲದು ಇದು' ಎಂದು
ಇನ್ನೆರಡು ಹಿಡಿ ಸುರಿದ.

ತರಕಾರಿ ಹೆಚ್ಚಿದ್ದು ನಾನು.
ಉಗುರೂ ಇಳಿಯದ ಸಂತೆಯ ಸಿಹಿಗುಂಬಳ,
ಬದನೆ, ದೊಣ್ಣೆಮೆಣಸು, ಸಿಪ್ಪೆ ಸುಲಿಯದ ಬೆಳ್ಳುಳ್ಳಿ,
ಅಣ್ಣ ಕೊಟ್ಟ ಕಾಳುಮೆಣಸು ಜಜ್ಜಿ,
ಒಂದೇ ಒಂದು ಜೀರಿಗೆ ಮೆಣಸು.
ಕ್ಯಾಂಟೀನಿನಿಂದ ರಿಯಾಯಿತಿಗೆ ತಂದ ಓವನ್
ಮೊದಲ ಸಲ ಒಳಗೊಳಗೇ ಕೆಂಪಾಯಿತು.
'ತರಕಾರಿ ಸುಡಲಿಕ್ಕೆ ಆರು ಸಾವಿರ!'
ಅತ್ತೆ ಗೋಡೆಗೆ ಹೇಳಿದರು.

ಗೋಡೆ ಉತ್ತರಿಸಲಿಲ್ಲ. ಕುಂಬಳ ಉತ್ತರಿಸಿತು:
ಅಂಚು ಕಪ್ಪಾಗಿ, ನಡುವೆ ಬೆಣ್ಣೆಯಾಗಿ,
ಟೈರಿನ ವಾಸನೆಯನ್ನು ಒಂದು ಗಳಿಗೆ
ಬಾಗಿಲ ಹೊರಗೆ ನಿಲ್ಲಿಸುವಷ್ಟು ಪರಿಮಳವಾಗಿ.

ಬೆಂದ ಪಾಸ್ತಾದ ಒಂದು ಕೊಳವೆಯನ್ನು ಎತ್ತಿ ಹಿಡಿದು
ಅದರೊಳಗಿಂದ ಮೊಮ್ಮಗಳನ್ನು ನೋಡಿದರು ಅತ್ತೆ.
'ತೂತು ಬಿದ್ದ ನೂಲ್‌ಪುಟ್ಟು.'
ದೇಚು ಕೂಡ ಒಂದು ಕೊಳವೆ ಎತ್ತಿದಳು.
ಇಬ್ಬರೂ ಹಾಗೇ ಸ್ವಲ್ಪ ಹೊತ್ತು ನೋಡಿಕೊಂಡರು.

ಟೊಮೆಟೊಗೆ ಈ ವಾರ ಹುಳಿಯೇ ಇಲ್ಲ.
ಅವನು ಮೂಗೆಳೆದ, ಸಕ್ಕರೆ ಹಾಕಿದ, ಕೆಡಿಸಿದ.
ಅತ್ತೆ ಕಪಾಟಿನಿಂದ ಕಪ್ಪು ಸೀಸೆ ತಂದು
ಕಾಚಂಪುಳಿ ಒಂದು ತೊಟ್ಟು, ಮತ್ತೊಂದು ತೊಟ್ಟು.
'ಇದಕ್ಕೆ ಯಾರು ಹಾಕುತ್ತಾರೆ ಅವ್ವ ಅದನ್ನು?'
'ಹಂದಿಗೆ ಹಾಕು ಅಂತ ಯಾರು ಹೇಳಿಕೊಟ್ಟಿದ್ದರು?'

ಹಾಲು, ಮೈದಾ, ಬೆಣ್ಣೆ ಗಂಟಾಗದಂತೆ ತಿರುವಿ,
ಪದರದ ಮೇಲೆ ಪದರ, ಮೇಲೆ ತುರಿದ ಚೀಸ್.
ಟ್ರೇ ಒಳಗಿಟ್ಟು ಗುಂಡಿ ತಿರುಗಿಸಿ
ನಾವೆಲ್ಲ ಗಾಜಿನ ಮುಂದೆ ಕೂತೆವು,
ಟಿವಿಯ ಮುಂದೆ ಕೂತಂತೆ.

ಆರನೇ ನಿಮಿಷಕ್ಕೆ ಕರೆಂಟ್ ಹೋಯಿತು.

ತಿತಿಮತಿ ಕಡೆ ಆನೆಯೊಂದು ಬೈನೆ ಮರ ಉರುಳಿಸಿದೆ,
ಮರ ಲೈನಿನ ಮೇಲಿದೆ, ಆನೆ ಇನ್ನೂ ಅಲ್ಲೇ ಇದೆ,
ಅದು ತಿಂದು ಮುಗಿಸಲಿ ಸಾರ್, ಎಂದ
ಫೋನಿನಲ್ಲಿ ಲೈನ್‌ಮನ್.
ಕತ್ತಲಲ್ಲಿ ಓವನಿನ ಗಡಿಯಾರ ಮಾತ್ರ
ಟಿಕ್ ಟಿಕ್ ಎನ್ನುತ್ತಲೇ ಇತ್ತು, ನಾಚಿಕೆಯಿಲ್ಲದೆ.
ಕೊನೆಗೆ 'ಟಿಂಗ್' ಎಂದಿತು,
ಹಸಿ ಚೀಸಿನ ಮೇಲೆ.

ನೂರಿಪ್ಪತ್ತು ಜನರ ಅಡುಗೆಭಟ್ಟ ತಲೆ ಮೇಲೆ ಕೈ ಹೊತ್ತ.
ಅತ್ತೆ ಸೆರಗು ಬಿಗಿದು ಎದ್ದರು.
ಟ್ರೇಯನ್ನು ದಪ್ಪ ತಳದ ಪಾತ್ರೆಗಿಳಿಸಿ, ಮುಚ್ಚಳ ಮುಚ್ಚಿ
ಬಚ್ಚಲ ನೀರೊಲೆಯ ಬಾಯಿಗೆ ಒಯ್ದರು.
ಕಾಫಿ ಕಟ್ಟಿಗೆಯ ಕೆಂಡ ಕೆಳಗೆ ನಾಲ್ಕು,
ಮುಚ್ಚಳದ ಮೇಲೆ ಒಂದು ರಾಶಿ.
'ಮೇಲಿನ ಬೆಂಕಿ ಕೆಳಗಿನದಕ್ಕಿಂತ ಜಾಸ್ತಿ ಇರಬೇಕು.'
ಹೇಗೆ ಗೊತ್ತು ಎಂದೆ.
'ಹದಿನಾರು ವರ್ಷಕ್ಕೆ ಪಾಲಿಬೆಟ್ಟದ ಎಸ್ಟೇಟ್ ಬಂಗಲೆಯಲ್ಲಿ
ವಾರಕ್ಕೆ ಮೂರು ಕೇಕು ಬೇಯಿಸುತ್ತಿದ್ದೆ.'
ಕೆಂಡವನ್ನು ಇಕ್ಕಳದಿಂದ ಸರಿಪಡಿಸುತ್ತಾ ಹೇಳಿದರು.
'ಮದುವೆಯಾದ ಮೇಲೆ ಯಾರೂ ಕೇಳಲಿಲ್ಲ.'

ಪೆಮ್ಮಯ್ಯ ಬೂದಿ ಊದುತ್ತಿದ್ದವನು
ಊದುವುದನ್ನು ಮರೆತ.

ಮೊಂಬತ್ತಿ ಹಚ್ಚಿ ತಿಂದೆವು. ಚೀಸ್ ಕಂದಾಗಿತ್ತು,
ಮೂಲೆ ಹೊತ್ತಿತ್ತು, ಆ ಮೂಲೆಗೇ ಜಗಳವಾಯಿತು.
ಕಾಚಂಪುಳಿಯ ವಿಷಯ ಯಾರೂ ಎತ್ತಲಿಲ್ಲ.
'ಉಪ್ಪು ಕಮ್ಮಿ' ಎಂದರು ಅತ್ತೆ,
ಅರ್ಧ ತಟ್ಟೆ ಹಾಗೇ ಬಿಟ್ಟು ಮಲಗಲು ಹೋದರು.

ನಡುರಾತ್ರಿ ಆನೆಯ ಊಟ ಮುಗಿದಿರಬೇಕು,
ಒಮ್ಮೆಲೇ ಎಲ್ಲ ಕೋಣೆಗೂ ದೀಪ ಬಂತು.
ಆರಿಸಲು ಎದ್ದು ಹೋದರೆ ಅಡುಗೆಮನೆಯಲ್ಲಿ
ಅತ್ತೆ ನಿಂತೇ ಇದ್ದಾರೆ,
ಮಂಕಿ ಕ್ಯಾಪು, ಕೈಯಲ್ಲಿ ಚಮಚ,
ತಳ ಹಿಡಿದ ಕಪ್ಪು ಚೂರನ್ನು
ಕೆರೆದು ಕೆರೆದು ಬಾಯಿಗಿಡುತ್ತಾ.

ಬೆಳಕಿಗೆ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.
'ಪಾತ್ರೆ ನೆನೆಹಾಕುತ್ತಿದ್ದೆ' ಎಂದರು.

ನಾನು ಇನ್ನೊಂದು ಚಮಚ ತೆಗೆದುಕೊಂಡೆ.